ಸುಡದ ಕೈ

ನನ್ನ ಕೈಗೆ ಬೆಂಕಿ ತಾಗುವುದಿಲ್ಲ ಎಂದು ಮಂಗೋರ್ ಹಿಲ್ ತುಂಬ ಸುದ್ದಿಯಾಗಿತ್ತು. ಸುದ್ದಿ ಹಬ್ಬಿಸಿದವರು ನಮ್ಮ ಖಾನಾವಳಿಗೆ ಊಟಕ್ಕೆ ಬರುವ ಬಂದರಿನ ಗಂಡಸರು. ಅದನ್ನು ಕೇಳಿ ಹಿಗ್ಗಿ ಹೀರೇಕಾಯಿಯಾದವಳು ನಾನು.

ಗೋವಾದ ವಾಸ್ಕೋ ಊರಿನ ಈ ಗುಡ್ಡದ ಮೇಲೆ ಬರೀ ಕನ್ನಡ ಮಾತಾಡಿಕೊಂಡೇ ದಿನ ಕಳೆಯಬಹುದು. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದವರೇ ಇಲ್ಲಿ ಹೆಚ್ಚು. ನನ್ನ ಗಂಡ ಮುರ್ಮುಗಾಂವ್ ಬಂದರಿನಲ್ಲಿ ಲಾರಿ ಓಡಿಸುತ್ತಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬೆಂಚು ಹಾಕಿ ಖಾನಾವಳಿ ನಡೆಸುತ್ತೇನೆ. ಬಿಸಿ ಜೋಳದ ರೊಟ್ಟಿ, ಝುಣಕ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಗೋವಾದ ಮೀನು-ಅನ್ನಕ್ಕೆ ನಾನು ಹೆಸರಿಡುವುದಿಲ್ಲ, ಆದರೆ ಇಡೀ ದಿನ ಹಡಗಿನ ಮಾಲು ಏರಿಸಿ ಇಳಿಸಿ ಬಂದ ನಮ್ಮ ಕಡೆಯವರಿಗೆ ರೊಟ್ಟಿ ಮುರಿಯದೆ ಊಟ ಮಾಡಿದಂತೆ ಆಗುವುದಿಲ್ಲ.

ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ನಮ್ಮಲ್ಲಿ ಹೇಗೆ ಅಳೆಯುತ್ತಾರೆ ಎಂದು ಮೊದಲು ಹೇಳಬೇಕು. ರೊಟ್ಟಿಯ ಅಂಚು ಹರಿಯಬಾರದು, ಹಂಚಿನ ಮೇಲೆ ತಿರುವಿ ಹಾಕುವಾಗ ಕೈ ಹಿಂಜರಿಯಬಾರದು. ರೊಟ್ಟಿಯ ಮೇಲೆ ನೀರು ಸವರುವುದು, ತಿರುವುವುದು, ಉಬ್ಬಿದ್ದನ್ನು ಎತ್ತಿ ಬುಟ್ಟಿಗೆ ಹಾಕುವುದು ಎಲ್ಲ ಬರಿಗೈಯಲ್ಲೇ. ಹೊಸ ಸೊಸೆ ಬಿಸಿಗೆ ಹೆದರಿ ಇಕ್ಕಳ ಹುಡುಕಿದರೆ ಅತ್ತೆ ಮುಖ ಆಚೆ ತಿರುಗಿಸುತ್ತಾಳೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಬೆರಳು ಸುಟ್ಟುಕೊಂಡು ಹಿತ್ತಿಲಲ್ಲಿ ಅತ್ತಿದ್ದೇನೆ. ಬರಬರುತ್ತ ಕೈ ಪಳಗಿತು. ಎಲ್ಲರ ಕೈಯೂ ಪಳಗುತ್ತದೆ.

ಆ ವರ್ಷ ಮಾತ್ರ ನನ್ನ ಬಲಗೈ ಪಳಗಿದ್ದು ಸ್ವಲ್ಪ ಹೆಚ್ಚೇ ಆಯಿತು. ಮೊದಲು ಹಂಚಿನ ಬಿಸಿ ತಾಗದಂತಾಯಿತು. ಆಮೇಲೆ ಉರಿಯ ಮೇಲೆ ನೇರವಾಗಿ ಉಬ್ಬಿಸಿದ ರೊಟ್ಟಿಯನ್ನು ಬೆಂಕಿಯಿಂದಲೇ ಬೆರಳಲ್ಲಿ ಎತ್ತತೊಡಗಿದೆ. ಊಟಕ್ಕೆ ಕೂತವರು ತುತ್ತು ಬಿಟ್ಟು ನೋಡುತ್ತಿದ್ದರು. ರಾಮದುರ್ಗ ಕಡೆಯ ಮಲ್ಲಪ್ಪ ಎನ್ನುವವನೊಬ್ಬ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬಂದರಿನ ತುಂಬ ಹಂಚಿದ.

“ಅಕ್ಕಾರದು ಉಕ್ಕಿನ ಕೈ ಐತಿ ನೋಡ್ರಿ” ಎಂದು ಅವನು ಹೊಸಬರಿಗೆಲ್ಲ ಹೇಳುತ್ತಿದ್ದ. ನಾನೂ ಬೇಕೆಂದೇ ಇನ್ನೊಂದು ಕ್ಷಣ ತಡೆದು ಎತ್ತುತ್ತಿದ್ದೆ. ನೋಡುವವರಿದ್ದರೆ ಯಾರಿಗೆ ಹುರುಪು ಬರುವುದಿಲ್ಲ ಹೇಳಿ.

ಅದೇ ದಿನಗಳಲ್ಲಿ ಕುಪ್ಪಸದ ಗುಂಡಿ ಹಾಕಲು ಬಲಗೈ ತಡವರಿಸುತ್ತಿತ್ತು. ಹಿಡಿದ ಲೋಟ ಜಾರುತ್ತಿತ್ತು. ಬಸ್ಸಿನಲ್ಲಿ ಕೈಚೀಲದೊಳಗೆ ಕೈ ಹಾಕಿದರೆ ಚಿಲ್ಲರೆ ಯಾವುದು, ಮನೆಯ ಕೀಲಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಎಲ್ಲಕ್ಕೂ ನನ್ನಲ್ಲಿ ಒಂದೊಂದು ಸಬೂಬು ಇತ್ತು: ನಿದ್ದೆ ಸಾಲಲಿಲ್ಲ, ಕೆಲಸ ಹೆಚ್ಚಾಯಿತು, ವಯಸ್ಸಾಯಿತು. ಅದಕ್ಕೂ ಹಿಂದೆ ಕೆಲವು ವರ್ಷಗಳ ಕೆಳಗೆ ನನಗೆ ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಂಟಿನ ಕ್ಯಾನ್ಸರ್ ಆಗಿತ್ತು. ಔಷಧ ಹಾಕಿ ಗಂಟು ಕರಗಿಸಿದ್ದರು. ಹೇಳಿದಾಗಲೆಲ್ಲ ತಪಾಸಣೆಗೆ ಹೋಗುತ್ತಿದ್ದೆ. “ಮತ್ತೇನಾದರೂ ತೊಂದರೆ ಇದೆಯಾ?” ಎಂದು ಡಾಕ್ಟರ್ ಬಾಯಿ, ಗೋವಾದಲ್ಲಿ ಹೆಂಗಸರನ್ನು ಗೌರವದಿಂದ ಹಾಗೇ ಕರೆಯುವುದು, ಪ್ರತಿಸಲ ಹಿಂದಿಯಲ್ಲಿ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಸುಳ್ಳೇನೂ ಹೇಳಲಿಲ್ಲ. ಹತ್ತು ಜನ ಹೊಗಳುವ ಜಾಣತನವನ್ನು ಯಾರಾದರೂ ಡಾಕ್ಟರ ಮುಂದೆ ಕಾಯಿಲೆ ಎಂದು ಹೇಳುತ್ತಾರೆಯೇ?

ಪಕ್ಕದ ಮನೆಯ ಮುಮ್ತಾಜ್ ಬ್ಲೌಸ್ ಹೊಲಿಯುತ್ತಾಳೆ. ಸವಣೂರಿನವಳು, ನನಗಿಂತ ಚಿಕ್ಕವಳು, ಮಾತಿಗೆ ಕೂತರೆ ಏಳುವವಳಲ್ಲ. ಒಂದು ದಿನ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದಳು, ನಾನು ರೊಟ್ಟಿ ಬೇಯಿಸುತ್ತಿದ್ದೆ.

“ಅಕ್ಕಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ” ಎಂದಳು.

ಹಂಚಿನ ಕಡೆ ನೋಡಿದೆ. ರೊಟ್ಟಿ ಚೆನ್ನಾಗಿಯೇ ಇತ್ತು. “ರೊಟ್ಟಿ ಬರೋಬ್ಬರಿ ಐತಲ್ಲ. ನಿನ್ನ ಮನ್ಯಾಗ ಹಾಲು ಇಟ್ಟ ಬಂದಿಯೇನು?” ಎಂದೆ.

ಮುಮ್ತಾಜ್ ಎದ್ದು ನಿಂತಳು. ಅವಳ ಮುಖ ನೋಡಿ ನನಗೆ ಗಾಬರಿಯಾಯಿತು. “ರೊಟ್ಟಿ ಅಲ್ಲ ಅಕ್ಕಾ. ನಿಮ್ಮ ಕೈ.”

ನನ್ನ ಬಲಗೈಯ ಬೆರಳುಗಳು ಹಂಚಿನ ಅಂಚಿನ ಮೇಲೆ ಆರಾಮಾಗಿ ಕೂತಿದ್ದವು. ಯಾವಾಗಿನಿಂದ ಇದ್ದವೋ ಗೊತ್ತಿಲ್ಲ. ಅವಳು ನನ್ನನ್ನು ಎಳೆದುಕೊಂಡು ಹೋಗಿ ನಳದ ಕೆಳಗೆ ಕೈ ಹಿಡಿದಳು. ಬೆರಳ ತುದಿಯ ಚರ್ಮ ಬೆಳ್ಳಗಾಗಿ ಎದ್ದಿತ್ತು. ಅವಳು ಅಳುತ್ತಿದ್ದಳು, ನಾನು ಅವಳಿಗೆ ಸಮಾಧಾನ ಹೇಳುತ್ತಿದ್ದೆ. ಸುಟ್ಟವಳು ಸುಮ್ಮನೆ, ನೋಡಿದವಳಿಗೆ ಅಳು. ಇದೇನು ಉಲ್ಟಾ ಎಂದು ಒಂದು ಗಳಿಗೆ ಕಳೆದ ಮೇಲೆ ಹೊಳೆಯಿತು. ಹೊಳೆದದ್ದೇ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟೆ.

ಮರುದಿನ ನಮ್ಮ ಮನೆಯವರು ಲಾರಿಗೆ ರಜೆ ಹಾಕಿ ನನ್ನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಝುವಾರಿ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಗಾಳಿ ಹೊಡೆಯುತ್ತಿತ್ತು. ಎಡಗೈಗೆ ಗಾಳಿ ತಿಳಿಯಿತು, ಬಲಗೈಗೆ ತಿಳಿಯಲಿಲ್ಲ.

ಡಾಕ್ಟರ್ ಬಾಯಿ ನನಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಎರಡು ಗಾಜಿನ ನಳಿಗೆಯಲ್ಲಿ ಬಿಸಿನೀರು, ತಣ್ಣೀರು ಇದೆ, ಮುಟ್ಟಿಸಿದಾಗ ಯಾವುದು ಎಂದು ಹೇಳಿ ಎಂದರು. ಆಮೇಲೆ ಹತ್ತಿ, ಸೂಜಿಯ ಮೊನೆ. ಕಣ್ಣು ಮುಚ್ಚಿ ಕೈ ಚಾಚಿ ಕೂತೆ. ಕಾದೆ. ಹೊರಗೆ ಯಾರೋ ನರ್ಸ್ ಕೊಂಕಣಿಯಲ್ಲಿ ಹೆಸರು ಕರೆಯುತ್ತಿದ್ದಳು. ಬೇಸರ ಬಂತು.

“ಯಾವಾಗ ಶುರು ಮಾಡ್ತೀರಿ ಬಾಯಿ?” ಎಂದು ಕೇಳಿದೆ.

ಕಣ್ಣು ತೆರೆದರೆ ನಳಿಗೆಗಳು ಆಗಲೇ ತಟ್ಟೆಗೆ ಮರಳಿದ್ದವು. ನಮ್ಮ ಮನೆಯವರು ಗೋಡೆಗೆ ಒರಗಿ ನಿಂತು ನನ್ನ ಬೆರಳನ್ನೇ ನೋಡುತ್ತಿದ್ದರು. ಒಂದು ಬೆರಳ ಮೇಲೆ ಸೂಜಿ ಚುಚ್ಚಿದಲ್ಲಿ ಚುಕ್ಕೆಯಷ್ಟು ರಕ್ತ ಇತ್ತು.

ಆಮೇಲೆ ಪರೀಕ್ಷೆಗಳ ಸಾಲು. ಸ್ಕ್ಯಾನಿಗೆ ಹೋಗುವ ಮುಂಚೆ ಬಳೆ ತೆಗೆಯಬೇಕು ಎಂದು ನರ್ಸ್ ಹೇಳಿದಾಗ ಆ ದಿನ ಜೊತೆಗೆ ಬಂದಿದ್ದ, ನಮ್ಮ ಮನೆಯಲ್ಲೇ ಇರುವ ಅತ್ತೆಯ ಮುಖ ಸಣ್ಣದಾಯಿತು. ಗಂಡ ಎದುರಿಗೇ ನಿಂತಿರುವ ಹೆಣ್ಣುಮಗಳ ಕೈ ಬರಿದಾಗುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅತ್ತೆ ಜಗಳವಾಡುತ್ತಾರೆ ಎಂದುಕೊಂಡೆ. ಅವರು ತಾವೇ ನನ್ನ ಹಸಿರು ಬಳೆಗಳನ್ನು ಒಂದೊಂದಾಗಿ ಬಿಡಿಸಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡರು. ಸೊಂಟದ ಚೀಲದಿಂದ ಅರಿಶಿನ ಹಚ್ಚಿದ ದಾರ ತೆಗೆದು ನನ್ನ ಮಣಿಕಟ್ಟಿಗೆ ಸುತ್ತಿದರು. ಮನೆಯಿಂದಲೇ ತಯಾರಾಗಿ ಬಂದಿದ್ದರು.

“ಇದಕ್ಕ ಮಷಿನ್ ಏನೂ ಅನ್ನೂದಿಲ್ಲ. ಹೋಗಿ ಬಾ ಬೇ” ಎಂದರು.

ಕಂಕುಳ ಹತ್ತಿರ ಸಣ್ಣಗೆ ಕೊಯ್ದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಾವು ಮೂವರೂ ಮನೆಯಲ್ಲಿ ಬಲು ಮರ್ಯಾದೆಯಿಂದ ನಡೆದುಕೊಂಡೆವು. ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ರೊಟ್ಟಿಗೆ ಊರೆಲ್ಲ ಹೊಗಳಿಕೆ, ಅತ್ತೆಯದು ಮಾತ್ರ ದಿನಕ್ಕೊಂದು ಕೊಂಕು. ಅಂಚು ದಪ್ಪ, ಹಿಟ್ಟು ಸರಿಯಾಗಿ ನಾದಿಲ್ಲ, ತಮ್ಮ ತವರಿನ ಕಡೆ ಇದಕ್ಕೆ ರೊಟ್ಟಿ ಅನ್ನುವುದಿಲ್ಲ. ಆ ದಿನಗಳಲ್ಲಿ ಅವರು ಏನೂ ಅನ್ನಲಿಲ್ಲ. ಎಡಗೈಯಲ್ಲಿ ಹೇಗೋ ತಟ್ಟಿದ ಅಡ್ಡಾದಿಡ್ಡಿ ರೊಟ್ಟಿಯನ್ನೂ “ಚಲೋ ಆಗೈತಿ” ಎಂದು ತಿಂದರು. ಡಾಕ್ಟರು ಏನು ಹೇಳುವವರಿದ್ದಾರೆ ಎಂದು ನನಗೆ ಆಗಲೇ ಅನುಮಾನ ಬಂತು.

ಹಳೆಯ ಕ್ಯಾನ್ಸರೇ ಮರಳಿ ಬಂದಿತ್ತು. ಈ ಸಲ ಗಂಟಿನಲ್ಲಿ ಮಾತ್ರವಲ್ಲ, ಕಂಕುಳಿಂದ ಕೈಗೆ ಹೋಗುವ ನರಗಳ ಒಳಗೇ ಇಳಿದಿತ್ತು. ಹೀಗೆ ಆಗುವುದು ಅಪರೂಪ ಎಂದರು ಡಾಕ್ಟರ್ ಬಾಯಿ. ಅಪರೂಪದ್ದು ಬೇರೇನೂ ಸಿಗಲಿಲ್ಲವೇ ನನಗೆ ಎನಿಸಿತು.

“ಗಂಟು ಅಂದ್ರ ಕೈಗೆ ಸಿಗ್ತೈತಿ, ಕಣ್ಣಿಗೆ ಕಾಣ್ತೈತಿ. ನರದಾಗ ಹ್ಯಾಂಗ ಹೋತ್ರಿ ಇದು?” ಎಂದು ನಮ್ಮ ಮನೆಯವರು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಕೇಳಿದರು. ಬಾಯಿ ಒಂದು ಹಾಳೆಯ ಮೇಲೆ ಭುಜ, ತೋಳು, ಬೆರಳು ಬರೆದು ಗೆರೆ ಎಳೆದು ತೋರಿಸಿದರು. ನಾನು ಆ ಚಿತ್ರ ನೋಡಲಿಲ್ಲ. ಕೇಳಬೇಕಾದ್ದು ಒಂದೇ ಇತ್ತು.

“ಬಾಯಿ, ನನ್ನ ಕೈ ಮತ್ತ ಮೊದಲಿನಂಗ ಆಗ್ತೈತೇನು?”

ಅವರು ಸುಳ್ಳು ಹೇಳುವವರಲ್ಲ, ಅದಕ್ಕೇ ನನಗೆ ಅವರ ಮೇಲೆ ಇವತ್ತಿಗೂ ಗೌರವ. “ಕಾಯಿಲೆಯನ್ನು ಇಳಿಸಬಹುದು, ಅದಕ್ಕೆ ಒಳ್ಳೆಯ ಔಷಧ ಇದೆ. ಕೈ ಎಷ್ಟು ಮರಳಿ ಬರುತ್ತದೆ ಎಂದು ನಾನು ಈಗ ಹೇಳಲಾರೆ. ನರ ಬಹಳ ನಿಧಾನ” ಎಂದರು. ಇನ್ನೊಂದು ಮಾತನ್ನೂ ಸೇರಿಸಿದರು: ಬಿಸಿ ತಿಳಿಯುವವರೆಗೆ ನಾನು ಹಂಚಿನ ಹತ್ತಿರ ಹೋಗಕೂಡದು.

ಬಸ್ ನಿಲ್ದಾಣದಲ್ಲಿ ನಮ್ಮ ಮನೆಯವರು ಚಹಾ ತಂದು ನನ್ನ ಎಡಗೈಗೆ ಕೊಟ್ಟರು. ಮಾತು ಕಡಿಮೆ ಮನುಷ್ಯ. ತಮ್ಮ ಚಹಾ ಮುಗಿಸಿ, “ಕೈ ಇರ್ಲಿ ಬಿಡ್ಲಿ. ನೀ ಇರಬೇಕು ನೋಡು” ಎಂದರು.

ಒಳ್ಳೆಯ ಮಾತೇ. ಆದರೆ ನನಗೆ ಎಲ್ಲಿತ್ತೋ ಸಿಟ್ಟು. “ಕೈ ಇಲ್ಲದ ಇದ್ದು ಏನ ಮಾಡ್ಲಿ ರೀ ನಾ? ನಿಮ್ಮ ಲಾರಿ ಕಿತ್ತಕೊಂಡು ನೀವ ಇದ್ರ ಸಾಕು ಅಂದ್ರ ಹ್ಯಾಂಗ ಅನಸ್ತೈತಿ?” ಎಂದೆ. ಚಹಾ ಕುಡಿಯುವವರೆಲ್ಲ ತಿರುಗಿ ನೋಡಿದರು. ಅವರು ತಲೆ ತಗ್ಗಿಸಿ ಕೂತರು. ಆಮೇಲೆ ಇಬ್ಬರೂ ಅತ್ತೆವು, ಅದೂ ಬಸ್ ನಿಲ್ದಾಣದಲ್ಲಿ.

ಔಷಧದ ದಿನಗಳನ್ನು ಹೆಚ್ಚು ಬರೆಯುವುದಿಲ್ಲ. ಅನುಭವಿಸಿದವರಿಗೆ ಗೊತ್ತು, ಅನುಭವಿಸದವರಿಗೆ ಗೊತ್ತಾಗುವುದೂ ಬೇಡ. ಕೂದಲು ಹೋಯಿತು, ಬಾಯಿಯ ರುಚಿ ಹೋಯಿತು, ಚಟ್ನಿಗೂ ಮಣ್ಣಿಗೂ ವ್ಯತ್ಯಾಸ ತಿಳಿಯದಾಯಿತು. ಎಲ್ಲಕ್ಕಿಂತ ಕೆಟ್ಟದ್ದು ಕೈಯ ಒಳಗಿನ ಉರಿ. ಹೊರಗಿನ ಬೆಂಕಿ ತಿಳಿಯದ ಅದೇ ಕೈಯಲ್ಲಿ ಭುಜದಿಂದ ಬೆರಳವರೆಗೆ ಒಳಗೊಳಗೇ ಉರಿ ಹರಿಯುತ್ತಿತ್ತು. ಸೀರೆಯ ಸೆರಗು ತಾಗಿದರೂ ಕೂಗುವಂತಾಗುತ್ತಿತ್ತು, ಕೆಂಡ ತಾಗಿದರೆ ಗೊತ್ತಾಗುತ್ತಿರಲಿಲ್ಲ. ಇಂಥ ಹುಚ್ಚು ಕೈಯನ್ನು ಏನು ಮಾಡುವುದು? ಒಂದು ದಿಂಬಿನ ಮೇಲೆ ಅದನ್ನು ಮಲಗಿಸಿ ಬಯ್ಯುತ್ತ ಕೂರುತ್ತಿದ್ದೆ.

ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಫಿಲೋಮಿನಾ ಬಾಯಿ ಸಿಕ್ಕರು. ಸಾಲ್ಸೆಟ್ ಕಡೆಯ ಮುದುಕಿ, ತಲೆಗೆ ಹೂವಿನ ಬಟ್ಟೆ ಕಟ್ಟಿಕೊಂಡು ಜಪಮಣಿ ಹಿಡಿದು ಕೂರುತ್ತಿದ್ದರು. ಅವರಿಗೆ ನನ್ನ ಕನ್ನಡ ಬಾರದು, ನನಗೆ ಅವರ ಕೊಂಕಣಿ ಸಂತೆಗೆ ಸಾಕಾಗುವಷ್ಟು ಬರುತ್ತಿತ್ತು. ಒಂದು ದಿನ ರಕ್ತದ ವರದಿ ಸರಿಯಿಲ್ಲ, ಇವತ್ತು ಔಷಧ ಹಾಕುವುದಿಲ್ಲ, ಮನೆಗೆ ಹೋಗಿ ಎಂದಳು ನರ್ಸ್. ನಾನು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. “ರಡೂಂ ನಾಕಾ ಗೋ” ಎಂದರು ಫಿಲೋಮಿನಾ ಬಾಯಿ, ಅಳಬೇಡವೇ ಎಂದು. ಅಳು ನಿಂತ ಮೇಲೆ ಕೆಳಗೆ ನೋಡಿದೆ. ಅವರು ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಿದ್ದರು. ಎಷ್ಟು ಹೊತ್ತಿನಿಂದ ಹಿಡಿದಿದ್ದರೋ, ನನಗೆ ಗೊತ್ತೇ ಆಗಿರಲಿಲ್ಲ.

ಅದನ್ನು ಅವರಿಗೆ ಹೇಗೆ ಹೇಳುವುದು? ಎದ್ದು ಅವರ ಇನ್ನೊಂದು ಪಕ್ಕಕ್ಕೆ ಹೋಗಿ ಕೂತು ಎಡಗೈ ಕೊಟ್ಟೆ. ಅವರು ನಕ್ಕು ಅದನ್ನೂ ಹಿಡಿದುಕೊಂಡರು. ಆಮೇಲೆ ಭೇಟಿಯಾದಾಗಲೆಲ್ಲ ಆ ಪಕ್ಕಕ್ಕೇ ಕೂರುತ್ತಿದ್ದೆ. ಅವರು ಸ್ಟೀಲ್ ಡಬ್ಬಿಯಲ್ಲಿ ಪೇಜ್ ತರುತ್ತಿದ್ದರು. ಪೇಜ್ ಎಂದರೆ ನಮ್ಮ ಗಂಜಿಯೇ. ಜೊತೆಗೆ ನಂಜಿಕೊಳ್ಳಲು ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ. ಸತ್ತ ನಾಲಿಗೆಗೆ ಆ ಹುಳಿ ಒಂದೇ ತಿಳಿಯುತ್ತಿತ್ತು. ತಮ್ಮ ಕೊನೆಯ ಸರದಿ ಮುಗಿಸಿ ಹೋಗುವ ದಿನ ಅವರು ತಾವು ಕೂರುತ್ತಿದ್ದ ಮೆತ್ತನೆಯ ದಿಂಬನ್ನು ನನಗೆ ಬಿಟ್ಟುಹೋದರು. ಬೆಂಚು ಗಟ್ಟಿ, ಕಾಯುವುದು ಬಹಳ ಎಂದು ಅವರಿಗೆ ಗೊತ್ತಿತ್ತು.

ಇತ್ತ ಖಾನಾವಳಿಗೆ ಬೀಗ ಬಿದ್ದಿತ್ತು. ಒಂದು ದಿನ ನಮ್ಮ ಮನೆಯವರು ದೊಡ್ಡ ಡಬ್ಬ ಹೊತ್ತು ತಂದರು. ಬಿಚ್ಚಿದರೆ ರೊಟ್ಟಿ ಒತ್ತುವ ಮಷಿನ್. ಉಂಡೆ ಇಟ್ಟು ಹಿಡಿಕೆ ಒತ್ತಿದರೆ ರೊಟ್ಟಿ ಗುಂಡಗೆ ಬರುತ್ತದೆ, ಎಡಗೈಯಲ್ಲೂ ಮಾಡಬಹುದು ಎಂದು ಸಂಭ್ರಮದಿಂದ ತೋರಿಸಿದರು. ನನ್ನ ಒಳ್ಳೆಯದಕ್ಕೇ ತಂದಿದ್ದರು, ಗೊತ್ತು. ಆದರೂ ನನ್ನ ಕೈ ಇನ್ನು ಬರುವುದಿಲ್ಲ ಎಂದು ಇವರು ತೀರ್ಮಾನಿಸಿಬಿಟ್ಟರು ಅನಿಸಿ ಮೈಯೆಲ್ಲ ಉರಿಯಿತು.

“ಅದನ್ನ ತಂದಲ್ಲೇ ಕೊಟ್ಟ ಬರ್ರಿ” ಎಂದೆ.

“ಸುಮ್ಮ ಒಂದ ಸಲ ನೋಡು.”

“ನೋಡೂದಿಲ್ಲ. ನಾ ಸತ್ತ ಮ್ಯಾಲೆ ಅದರಾಗ ಒತ್ತಕೊಂಡ ತಿನ್ರಿ.”

ಸಾವಿನ ಮಾತು ಆಡಿದ್ದು ತಪ್ಪಾಯಿತು. ಅವರು ಡಬ್ಬ ಎತ್ತಿಕೊಂಡು ಹೊರಗೆ ಹೋದರು. ಅತ್ತೆ ದೇವರ ಮುಂದೆ ಹೋಗಿ ಕೂತರು. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡ ಮುಮ್ತಾಜ್ ಒಳಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಅಕ್ಕಾ, ಮಷಿನ್ ಬ್ಯಾಡ ಅಂದ್ರ ಬ್ಯಾಡ. ನಿಮ್ಮ ಕೈ ಬರೂತನಾ ನನ್ನ ಕೈ ಐತಲ್ಲ. ನೀವು ಹೇಳ್ರಿ, ನಾ ಬಡೀತೇನಿ” ಎಂದಳು.

ಅವಳಿಗೆ ಲಟ್ಟಣಿಗೆಯಲ್ಲಿ ಚಪಾತಿ ಮಾಡಿ ರೂಢಿ. ಜೋಳದ ಹಿಟ್ಟು ಅವಳ ಮಾತು ಕೇಳಲಿಲ್ಲ. ನಾನು ಫಿಲೋಮಿನಾ ಬಾಯಿಯ ದಿಂಬು ಹಾಕಿಕೊಂಡು ಮಣೆಯ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದೆ. ಎಸರು ಕುದಿಯಲಿ, ನೀರು ಸಾಕು, ಇನ್ನೂ ನಾದು, ಬಡಿಯುತ್ತ ತಿರುಗಿಸು, ತಿರುಗಿಸುತ್ತ ಬಡಿ. ಅವಳ ಮೊದಮೊದಲ ರೊಟ್ಟಿಗಳು ಗೋವಾದ ನಕಾಶೆಯಂತೆ ಎಲ್ಲ ಕಡೆ ಚಾಚಿಕೊಂಡಿದ್ದವು. ಬೀಗ ತೆಗೆದ ಖಾನಾವಳಿಯಲ್ಲಿ ಬೆಂಚಿನ ಗಂಡಸರು ಮರುಮಾತಾಡದೆ ತಿಂದರು. ಮಲ್ಲಪ್ಪ ಎರಡನೆಯದಕ್ಕೂ ಕೈ ಚಾಚಿದ. ಆ ವಿಡಿಯೋ ಮಾಡಿ ನನ್ನನ್ನು ಉಬ್ಬಿಸಿದ್ದಕ್ಕೆ ಅವನ ಮೇಲಿದ್ದ ನನ್ನ ಸಣ್ಣಪುಟ್ಟ ಸಿಟ್ಟೆಲ್ಲ ಅವತ್ತೇ ಹೋಯಿತು.

ಕೆಲವು ತಿಂಗಳಲ್ಲಿ ಮುಮ್ತಾಜಳ ರೊಟ್ಟಿ ತೆಳ್ಳಗೆ, ಗುಂಡಗೆ ಬರತೊಡಗಿತು. ಅವಳು ಬಡಿಯುವ ಸಪ್ಪಳ ಥೇಟ್ ನನ್ನದರಂತೆಯೇ ಕೇಳುತ್ತಿತ್ತು. ಹೇಳಲು ನಾಚಿಕೆ, ನನಗೆ ಹೊಟ್ಟೆಕಿಚ್ಚಾಯಿತು. ಖಾನಾವಳಿ ನಡೆಯಿತು, ಒಲೆ ಉರಿಯಿತು, ಎಲ್ಲ ಅವಳ ಪುಣ್ಯ. ಆದರೂ ಆ ಸಪ್ಪಳ ಕೇಳಿದಾಗ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದೆ.

ಕೊನೆಯ ಔಷಧ ಮುಗಿದು ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರ್ ಬಾಯಿ ವರದಿ ನೋಡಿ ಕನ್ನಡಕ ತೆಗೆದು ನಕ್ಕರು. ಕಾಯಿಲೆ ಎಲ್ಲೂ ಕಾಣುತ್ತಿಲ್ಲ ಎಂದರು. ನಮ್ಮ ಮನೆಯವರು ಅಲ್ಲೇ ಕುರ್ಚಿಯಲ್ಲಿ ಕೂತು ಮುಖ ಮುಚ್ಚಿಕೊಂಡರು. ಅತ್ತೆ ಗುಡ್ಡದ ಮೇಲಿನ ಮನೆಮನೆಗೆ ಪೇಢೆ ಹಂಚಿದರು. ಮುಮ್ತಾಜಳ ಮನೆಯಲ್ಲಿ ಶಿರಖುರ್ಮಾ ಮಾಡಿದರು. ಎಲ್ಲರೂ ನನ್ನ ಬಾಯಿಗೆ ಸಿಹಿ ಹಾಕಿದರು. ನಾನೂ ನಗುತ್ತಿದ್ದೆ, ಜೀವ ಉಳಿದದ್ದಕ್ಕೆ ಖುಷಿ ಇತ್ತು, ಯಾಕೆ ಸುಳ್ಳು ಹೇಳಲಿ. ಆದರೆ ಪೇಢೆ ಹಿಡಿದ ಬೆರಳಿಗೆ ಅದು ಪೇಢೆ ಎಂದು ತಿಳಿಯುತ್ತಿರಲಿಲ್ಲ. ಯುದ್ಧ ಗೆದ್ದವರ ಮನೆಯಲ್ಲಿ ಕೂತು ನಾನೊಬ್ಬಳೇ ಇನ್ನೂ ಯಾರದೋ ದಾರಿ ಕಾಯುತ್ತಿದ್ದೆ.

ಕೈಗೆ ವ್ಯಾಯಾಮ ಕಲಿಸುವ ಹುಡುಗಿ, ಕಣ್ಣು ಮುಚ್ಚಿ ಬೇರೆಬೇರೆ ವಸ್ತು ಮುಟ್ಟಿ ಗುರುತಿಸಲು ಹೇಳಿದ್ದಳು. ಅವಳು ಕೊಟ್ಟ ರಬ್ಬರ್ ಚೆಂಡು ನನಗೆ ಸೇರಲಿಲ್ಲ. ಅತ್ತೆ ಬಟ್ಟಲುಗಳಲ್ಲಿ ಜೋಳದ ಹಿಟ್ಟು, ರವೆ, ಎಳ್ಳು, ಕಡಲೆಬೇಳೆ ತುಂಬಿಟ್ಟರು. ಮಧ್ಯಾಹ್ನ ಊಟದವರು ಹೋದ ಮೇಲೆ ನನ್ನ ಕಣ್ಣಿಗೆ ಸೆರಗು ಕಟ್ಟಿ ಎದುರು ಕೂರುತ್ತಿದ್ದರು.

“ಇದೇನು?”

“ಹಿಟ್ಟು.”

“ಅಲ್ಲ, ಕಡ್ಲಿಬ್ಯಾಳಿ.”

ಇಷ್ಟೇ ಮಾತು, ದಿನವೂ. ಸಿಟ್ಟು ಬಂದು ಬಟ್ಟಲು ದೂಡಿದರೆ ಚೆಲ್ಲಿದ್ದನ್ನು ಮುದುಕಿ ಕೂತು ಆರಿಸುತ್ತಿದ್ದರು, ಮರುದಿನ ಮತ್ತೆ ತಂದಿಡುತ್ತಿದ್ದರು. ಮಳೆಗಾಲ ಹಿಡಿಯಿತು, ಬಿಟ್ಟಿತು. ಚೌತಿಯ ಪಟಾಕಿ ಸದ್ದು ಅಡಗಿದ ಮೇಲೆ ಒಂದು ಮಧ್ಯಾಹ್ನ ಬೆರಳನ್ನು ಬಟ್ಟಲಿಗೆ ಹಾಕಿದಾಗ ಏನೋ ಸಣ್ಣಗೆ ಕಚಗುಳಿಯಿಟ್ಟಂತಾಯಿತು.

“ಎಳ್ಳು” ಎಂದೆ.

“ಅಲ್ಲ” ಎಂಬ ಮಾತಿಗೆ ಕಾದೆ. ಮತ್ತೆ ತಪ್ಪಾಯಿತು ಎಂದು ಸೆರಗು ಬಿಚ್ಚಿದೆ. ಅವರು ಎಳ್ಳಿನ ಬಟ್ಟಲು ಹಿಡಿದು ಕೂತಿದ್ದರು, ಬಟ್ಟಲು ವಾಲಿ ಎಳ್ಳು ಅವರ ಮಡಿಲಿಗೆಲ್ಲ ಚೆಲ್ಲಿತ್ತು.

ಅಲ್ಲಿಂದ ಒಂದೊಂದೇ ಬಂತು. ರವೆ ಬಂತು, ಹಿಟ್ಟು ಬಂತು. ಗುಂಡಿ ಹಾಕಲು ಬಂತು. ಬಳೆಗಾರ ಮುಷ್ಟಿ ಹಿಚುಕಿ ಹಸಿರು ಬಳೆ ಏರಿಸುವಾಗ ನೋವಾಗಿ ಅವನನ್ನು ಬೈದೆ, ಬೈದು ನಕ್ಕೆ. ಅವನು ಯಾಕೆ ಬೈದಳು, ಯಾಕೆ ನಕ್ಕಳು ಎಂದು ತಿಳಿಯದೆ ಹೋದ. ಹಿಟ್ಟು ನಾದುವ ಬಲ ಎಲ್ಲಕ್ಕಿಂತ ತಡವಾಗಿ ಬಂತು. ಕಿರುಬೆರಳು ಈಗಲೂ ಪೂರ್ತಿ ಬಂದಿಲ್ಲ, ಅದು ಬಾರದೇ ಇರಬಹುದು ಎಂದಿದ್ದಾರೆ. ಇರಲಿ, ರೊಟ್ಟಿ ಬಡಿಯಲು ಕಿರುಬೆರಳಿನ ಕೆಲಸ ಅಷ್ಟೇನಿಲ್ಲ.

ಒಂದು ಬೆಳಿಗ್ಗೆ ಮುಮ್ತಾಜಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ನಾನು ಅಲ್ಲಿ ಕೂತೆ. ಅವಳು ಬೇಡ ಎನ್ನಲಿಲ್ಲ, ಪಕ್ಕದಲ್ಲೇ ಕೂತಳು. ಉಂಡೆ ಹಿಡಿದು ಬಡಿದೆ. ಸಪ್ಪಳ ಮೊದಲಿನಂತೆ ಇರಲಿಲ್ಲ, ಕುಂಟುತ್ತಿತ್ತು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಯಿತು. ಎತ್ತಿ ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿದೆ.

“ತಿರುವೂದು ನಾ ಮಾಡ್ತೇನ್ರಿ ಅಕ್ಕಾ” ಎಂದು ಮುಮ್ತಾಜ್ ಕೈ ಚಾಚಿದಳು. ನಾನು ಅವಳ ಕೈ ಸರಿಸಿ ರೊಟ್ಟಿಯ ಅಂಚಿಗೆ ಬೆರಳು ಹಾಕಿದೆ.

ಚುರ್ ಎಂದಿತು. “ಅಯ್ಯವ್ವಾ” ಎಂದು ಕೂಗಿ ಬೆರಳು ಬಾಯಿಗಿಟ್ಟುಕೊಂಡೆ.

ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ನಮ್ಮ ಮನೆಯವರು ಸೋಪು ಮೆತ್ತಿದ ಮುಖದಲ್ಲೇ ಓಡಿ ಬಂದರು. “ಏನಾತು? ಸುಟ್ತೇನು?”

“ಸುಟ್ತರೀ” ಎಂದೆ. “ಭಾಳ ಸುಟ್ತು.”

ಹೇಳುತ್ತ ಹೇಳುತ್ತ ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಮುಮ್ತಾಜ್ ನನ್ನನ್ನು ತಬ್ಬಿಕೊಂಡಳು. ಆವತ್ತು ನನ್ನ ಕೈ ಸುಟ್ಟಾಗ ಅತ್ತವಳು ಅವಳೊಬ್ಬಳೇ, ಈಗ ಇಬ್ಬರೂ ಅತ್ತೆವು. ಅವರು ಸೋಪಿನ ಮುಖದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಹಂಚಿನ ಮೇಲೆ ರೊಟ್ಟಿ ಕರ್ರಗಾಗುತ್ತಿತ್ತು. ಅತ್ತೆ ಬಂದು ಅದನ್ನು ಎತ್ತಿದರು, ಕರಕಲು ಕೆರೆದು ಮುರಿದು ಬಾಯಿಗೆ ಹಾಕಿಕೊಂಡರು. ಎಲ್ಲರೂ ಅವರ ಮುಖ ನೋಡಿದೆವು.

“ಅಂಚು ದಪ್ಪ ಆಗೈತಿ” ಎಂದರು. “ಹಿಟ್ಟೂ ಸರಿ ನಾದಿಲ್ಲ.”

ಪೂರ್ತಿ ಗುಣವಾದೆ ಎಂದು ನನಗೆ ನಂಬಿಕೆ ಬಂದದ್ದು ಆಗ.

ಈಗಲೂ ತಪಾಸಣೆಗೆ ಹೋಗುತ್ತೇನೆ. ವರದಿ ಬರುವವರೆಗೆ ಹೆದರಿಕೆ ಇದ್ದೇ ಇರುತ್ತದೆ, ಅದು ಹೋಗುವಂಥದ್ದಲ್ಲ. ಬೆಂಚಿನ ಮೇಲೆ ಯಾರಾದರೂ ಹೊಸಬರು ಅಳುತ್ತ ಕೂತಿದ್ದರೆ ಪಕ್ಕಕ್ಕೆ ಹೋಗಿ ಕೂರುತ್ತೇನೆ, ಕೈ ಹಿಡಿಯುವ ಮೊದಲು ಯಾವ ಕೈ ಎಂದು ಕೇಳುತ್ತೇನೆ. ರೊಟ್ಟಿ ಬಡಿಯುವ ಅಕ್ಕತಂಗಿಯರಿಗೆ ಒಂದೇ ಮಾತು: ನಿಮ್ಮ ಕೈಗೆ ಬಿಸಿ ತಿಳಿಯುವುದು ಕಡಿಮೆಯಾದರೆ ಹೊಗಳಿಸಿಕೊಳ್ಳುತ್ತ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಖಾನಾವಳಿಯಲ್ಲಿ ಈಗ ನಾನು, ಮುಮ್ತಾಜ್ ಇಬ್ಬರೂ ಬಡಿಯುತ್ತೇವೆ. ಯಾವ ರೊಟ್ಟಿ ಯಾರದು ಎಂದು ಬೆಂಚಿನವರು ಪಂಥ ಕಟ್ಟುತ್ತಾರೆ. ಮೊನ್ನೆ ಮಲ್ಲಪ್ಪ ಕುಂಡಯಿಯ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ತನ್ನ ಊರಿನವರನ್ನು ಊಟಕ್ಕೆ ಕರೆತಂದಿದ್ದ. ನನ್ನ ಕೈಯ ಹಳೆಯ ವಿಡಿಯೋ ಅವರೆಲ್ಲ ನೋಡಿದ್ದರಂತೆ. ಅವನು ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಒಲೆಯ ಹತ್ತಿರ ಬಂದ.

“ಅಕ್ಕಾರ, ಇವರು ದೂರದಿಂದ ಬಂದಾರ್ರಿ. ಮೊದಲಿನಂಗ ಒಂದ ರೊಟ್ಟಿ ಬೆಂಕ್ಯಾಗಿಂದ ಕೈಲೆ ತಗದ ತೋರಸ್ರಿ.”

ಬೆಂಚಿನವರೆಲ್ಲ ತುತ್ತು ಬಿಟ್ಟು ನನ್ನ ಕಡೆ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ಇಕ್ಕಳ ತೆಗೆದು ಉಬ್ಬಿದ ರೊಟ್ಟಿಯನ್ನು ಬೆಂಕಿಯಿಂದ ಎತ್ತಿ ಅವನ ತಾಟಿಗೆ ಹಾಕಿದೆ.

“ಆಗೂದಿಲ್ಲಪಾ” ಎಂದೆ. “ನನ್ನ ಕೈ ಸುಡತೈತಿ.”